ಕುಡಿದವರನ್ನು ಊರು ಮುಟ್ಟಿಸುವ ವಿದ್ಯೆ

ಬೈಲಹೊಂಗಲದಿಂದ ಸವದತ್ತಿಗೆ ಶೇರ್ ಗಾಡಿ ಹೊಡೆಯುವವರಲ್ಲಿ ಕುಡಿದ ಪ್ಯಾಸೆಂಜರನ್ನು ನನ್ನಷ್ಟು ಚೆನ್ನಾಗಿ ಸಂಭಾಳಿಸುವವನು ಇನ್ನೊಬ್ಬನಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ. ಹದಿನಾಲ್ಕು ವರ್ಷದಲ್ಲಿ ಒಬ್ಬನೂ ನನ್ನ ಗಾಡಿಯಿಂದ ಬಿದ್ದಿಲ್ಲ, ಒಬ್ಬನ ಮೇಲೂ ನಾನು ಕೈ ಮಾಡಿಲ್ಲ.

ಕುಡಿದವನನ್ನು ಬಾಗಿಲ ಹತ್ತಿರ ಕೂಡಿಸಬಾರದು. ಹಿಂದಿನ ಸೀಟಿನಲ್ಲಿ ಕಿಟಕಿಗೆ ಒರಗಿಸಿ, ಕೈಗೊಂದು ಪ್ಲಾಸ್ಟಿಕ್ ಚೀಲ ಕೊಟ್ಟು, ಅವನು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕು. ತಾನು ಶಾಸಕರ ಅಳಿಯ ಅಂದರೆ ಹೌದ್ರಿ ಅನ್ನಬೇಕು. ನಿದ್ದೆ ಹೋದರೆ ಮೈ ಮುಟ್ಟಿ ಎಬ್ಬಿಸಬಾರದು, ಕಿಸೆಗಂತೂ ಕೈ ಹಾಕಲೇಬಾರದು. ಎಚ್ಚರಾದ ಮೇಲೆ ಇಲ್ಲದ್ದನ್ನೂ ಇತ್ತು ಅನ್ನುತ್ತಾನೆ.

ಇವೆಲ್ಲಕ್ಕಿಂತ ದೊಡ್ಡ ವಿದ್ಯೆ ಫೋನು. ದಾರಿಯ ಪ್ರತಿ ಊರಿನ ಸ್ಟಾಪಿನಲ್ಲಿ ಒಂದು ಚಹಾದಂಗಡಿ ಇದೆ, ಎಲ್ಲರ ನಂಬರೂ ನನ್ನಲ್ಲಿದೆ. ಗಾಡಿ ಬದಿಗೆ ಹಾಕಿ, ನಿಮ್ಮೂರವರೊಬ್ಬರು ಟೈಟಾಗಿದ್ದಾರೆ, ಮನೆಯವರನ್ನು ಕರೆಸಿ ನಿಲ್ಲಿಸಿ ಅಂತ ಹೇಳಿಬಿಡುತ್ತಿದ್ದೆ. ನಾನು ಮುಟ್ಟುವಷ್ಟರಲ್ಲಿ ತಮ್ಮನೋ ಮಗನೋ ನಿಂತಿರುತ್ತಿದ್ದ. ಇಬ್ಬರು ರಟ್ಟೆ ಹಿಡಿದು ಇಳಿಸಿಕೊಂಡರೆ ಕೆಲಸ ಮುಗಿಯಿತು. ಹೀಗಾಗಿ ಆ ಊರುಗಳಲ್ಲಿ ನನ್ನ ಮಾತಿಗೆ ಬೆಲೆಯಿತ್ತು. ನಾನು ಕುಡಿದಾನೆ ಅಂದರೆ ಅವನು ಕುಡಿದವನೇ.

ಅದು ಹತ್ತಿಗೆ ಔಷಧ ಹೊಡೆಯುವ ದಿನಗಳು. ಒಂದು ಮಧ್ಯಾಹ್ನ ಹೊಲದ ಬದುವಿನಲ್ಲಿ ನಿಂತಿದ್ದ ಐವತ್ತು ದಾಟಿದ ಒಬ್ಬರು ಕೈ ಮಾಡಿದರು. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಎತ್ತರದ ಆಳು. ಬಾಗಿಲು ಹಿಡಿದುಕೊಂಡು ಹೇಗೋ ಹತ್ತಿ, ಹನ್ನೆರಡು ಕಿಲೋಮೀಟರ್ ಆಚೆಯ ತಮ್ಮ ಊರಿನ ಹೆಸರು ಹೇಳಿ ಹಿಂದೆ ಕೂತರು. ಕಾಲು ತಡವರಿಸುತ್ತಿತ್ತು, ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ಎರಡು ಕಿಲೋಮೀಟರ್ ಹೋಗುವುದರಲ್ಲಿ ಕುತ್ತಿಗೆ ಎದೆಗೆ ಬಿತ್ತು. ನಾನು ಕನ್ನಡಿಯಲ್ಲಿ ಒಮ್ಮೆ ನೋಡಿ ತೀರ್ಪು ಕೊಟ್ಟುಬಿಟ್ಟೆ.

ಗಾಡಿ ನಿಲ್ಲಿಸಿ ಅವರೂರಿನ ಚಹಾದಂಗಡಿಗೆ ಫೋನು ಹಚ್ಚಿದೆ. ಚಹರೆ ಹೇಳಿದ ಕೂಡಲೇ ಅಂಗಡಿಯವನಿಗೆ ಗುರುತು ಹತ್ತಿತು, ನಂಬಿಕೆ ಮಾತ್ರ ಬರಲಿಲ್ಲ. ಅವರು ಮಾಲೆ ಹಾಕಿದವರು, ಕುಡಿಯುವವರಲ್ಲ ಅಂದ. ನಮ್ಮ ಕಡೆ ಪಂಢರಪುರದ ವಿಠ್ಠಲನ ಹೆಸರಿನಲ್ಲಿ ತುಳಸಿಮಾಲೆ ಹಾಕಿಕೊಂಡವರು ಸೆರೆಯನ್ನು ಮೂಸಿಯೂ ನೋಡುವುದಿಲ್ಲ. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ಇಡೀ ಗಾಡಿ ಕಿವಿಗೊಟ್ಟು ಕೂತಿತ್ತು, ನನ್ನ ನಾಲಿಗೆ ತುರಿಸುತ್ತಿತ್ತು.

“ಕೊರಳಾಗ ಮಾಲಿ, ಕಿಸೇದಾಗ ಬಾಟ್ಲಿ,” ಅಂದೆ.

ಗಾಡಿಯೆಲ್ಲ ನಕ್ಕಿತು. ಫೋನಿನ ಆ ಕಡೆಯವನೂ ನಕ್ಕ. ನನಗೂ ನನ್ನ ಮಾತು ಬಹಳ ಚೆಂದ ಕಂಡಿತು.

ನಗದೆ ಉಳಿದವಳು ಆ ಮನುಷ್ಯನ ಪಕ್ಕದಲ್ಲಿದ್ದ ಮುದುಕಿ ಒಬ್ಬಳೇ. ಸ್ವಲ್ಪ ದೂರ ಹೋದ ಮೇಲೆ ಆಕೆ ಮುಂದಕ್ಕೆ ಬಾಗಿ ನನ್ನ ಹೆಗಲು ಮುಟ್ಟಿದಳು. “ತಮ್ಮಾ, ಇವ್ನ ಬಾಯಾಗ ಸೆರೆ ವಾಸನಿ ಇಲ್ಲೋ. ಅಂಗಿ ಮುಟ್ಟಿ ನೋಡ ಬಾ.”

ಗಾಡಿ ನಿಲ್ಲಿಸಿ, ಇಳಿದು ಹಿಂದೆ ಹೋಗಿ ಜೋರಾಗಿ ಕರೆದೆ. ಹೆಗಲು ತಟ್ಟಿದೆ, ಅಲುಗಾಡಿಸಿದೆ. ಕುಡಿದವನಾದರೆ ಇಷ್ಟು ಹೊತ್ತಿಗೆ ನನ್ನ ಮನೆತನವನ್ನೆಲ್ಲ ಬೈಯಬೇಕಿತ್ತು. ಈ ಮನುಷ್ಯ ಹಾಂ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಅಂಗಿ ಔಷಧದಿಂದ ತೊಯ್ದು ಬೆನ್ನಿಗೆ ಅಂಟಿತ್ತು. ರೆಪ್ಪೆ ಎತ್ತಿ ನೋಡಿದರೆ ಕಣ್ಣಿನ ಕರಿಯ ಬೊಟ್ಟು ಎಳ್ಳುಕಾಳಿನಷ್ಟಾಗಿತ್ತು. ಗಾಳಿಗೆ ಎದುರಾಗಿ ಔಷಧ ಹೊಡೆದು ಹೀಗೆ ಬಿದ್ದವರನ್ನು ನಮ್ಮ ಹೊಲದ ಬದಿಯಲ್ಲೇ ನಾನು ನೋಡಿದ್ದೆ.

ಒಬ್ಬ ಪ್ಯಾಸೆಂಜರ್ ಮಜ್ಜಿಗೆಯ ಬಾಟಲಿ ತೆಗೆದು ಅವರ ಬಾಯಿಗೆ ಹಿಡಿಯಹೋದ. ನಾನು ಕಸಿದುಕೊಂಡೆ. ಕರೆದರೆ ಓ ಅನ್ನದವನ ಬಾಯಿಗೆ ಏನನ್ನೂ ಹಾಕಬಾರದು, ಹೊಟ್ಟೆಗೆ ಹೋಗುವ ಬದಲು ಉಸಿರಿಗೆ ಹೋಗುತ್ತದೆ. ಅಂಗಿ ಬಿಚ್ಚಿ ಹೊರಗೆ ಎಸೆದು, ಬಾಟಲಿ ನೀರಿನಿಂದ ಮೈ ತೊಳೆದು, ಸೀಟಿನ ಮೇಲೆ ಒಂದು ಮಗ್ಗುಲಿಗೆ ಮಲಗಿಸಿದೆ. ಬರಿ ಮೈಯ ಮೇಲೆ ತುಳಸಿಮಾಲೆ ಇತ್ತು. ಮುದುಕಿ ಕೈಗೆ ಚೀಲ ಸುತ್ತಿಕೊಂಡು ಗದ್ದ ಹಿಡಿದು ಜೊಲ್ಲು ಒರೆಸುತ್ತ ಕೂತಳು. ಆ್ಯಂಬುಲೆನ್ಸ್ ಬರುವಷ್ಟರಲ್ಲಿ ನಾವೇ ಮುಟ್ಟುತ್ತೇವೆ ಅಂತ ಕಿಟಕಿಗಳನ್ನೆಲ್ಲ ತೆರೆಸಿ ಸವದತ್ತಿಯ ಆಸ್ಪತ್ರೆಗೆ ಗಾಡಿ ಬಿಟ್ಟೆ. ಅವರ ಊರಿನ ಸ್ಟಾಪಿನಲ್ಲಿ ಐದಾರು ಜನ ನಗುತ್ತ ನಿಂತಿದ್ದರು. ಹಾರ್ನ್ ಹೊಡೆಯುತ್ತ ಅವರ ಮುಂದೆಯೇ ಹಾದುಹೋದೆ.

ಆಸ್ಪತ್ರೆಯಲ್ಲಿ ಮೈಮೇಲಿದ್ದುದೆಲ್ಲ ತೆಗೆದು ಸೋಪಿನಿಂದ ತೊಳೆದು ಇಂಜೆಕ್ಷನ್ ಕೊಟ್ಟರು. ಇನ್ನು ಅರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಎಂಟು ದಿನಕ್ಕೆ ಆ ಮನುಷ್ಯ ನಡೆದುಕೊಂಡು ಮನೆಗೆ ಹೋದರು. ನಾನು ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಈ ಸುದ್ದಿಯನ್ನೇ ಹೇಳಿ ನಾಲ್ಕು ದಿನ ಚಹಾ ಕುಡಿದೆ. ಚಹಾದಂಗಡಿಗೆ ತಿರುಗಿ ಫೋನು ಮಾಡಬೇಕೆಂಬುದು ಮಾತ್ರ ನನಗೆ ಹೊಳೆಯಲೇ ಇಲ್ಲ.

ತಿಂಗಳಾದ ಮೇಲೆ ಅವರ ಹೆಂಡತಿ ನನ್ನನ್ನು ಹುಡುಕಿಕೊಂಡು ಸ್ಟ್ಯಾಂಡಿಗೆ ಬಂದರು. ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ನನ್ನ ಕೈಗಿಟ್ಟರು.

“ನನ್ನ ಕುಂಕುಮ ಉಳಿಸೀರಿ, ಅದಕ್ಕ ಈ ರೊಟ್ಟಿ,” ಅಂದರು. “ಆದ್ರ ನೀವಾಡಿದ ಮಾತು ಊರಾಗ ಇನ್ನೂ ತಿರಗಾಕ ಹತ್ತೈತಿ.”

ನನ್ನ ಆ ಪ್ರಾಸ ಊರ ಜನರ ನಾಲಿಗೆಯ ಮೇಲೆ ಕೂತುಬಿಟ್ಟಿತ್ತು. ಅದು ಔಷಧದ ವಿಷ ಅಂತ ಇವರು ಹೇಳಿದರೆ, ಮಾನ ಮುಚ್ಚಿಕೊಳ್ಳಲು ಮನೆಯವರು ಕಟ್ಟಿದ ಕಥೆ ಅನ್ನುತ್ತಿದ್ದರು. ಡ್ರೈವರನೇ ಹೇಳಿದ್ದಾನೆ, ಅವನ ಮಾತು ಎಂದಾದರೂ ಸುಳ್ಳಾಗಿದೆಯೇ ಅನ್ನುತ್ತಿದ್ದರು. ಇಪ್ಪತ್ತು ವರ್ಷ ಊರಿನ ಭಜನೆಗೆ ಮುಂದಾಳಾಗಿದ್ದ ಮನುಷ್ಯ ಈಗ ಗುಡಿಯ ಕಡೆ ಹೋಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ತೆಗೆದ ಮಾಲೆ ದೇವರ ಮುಂದೆ ಹಾಗೇ ಬಿದ್ದಿತ್ತು. ಅದನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳಲು ಅವರಿಗೆ ಮನಸ್ಸೇ ಬರುತ್ತಿರಲಿಲ್ಲ.

ಮೊದಲು ನನಗೆ ಸಿಟ್ಟು ಬಂತು. ಜೀವ ಉಳಿಸಿದವನ ಹತ್ತಿರ ಒಂದು ಮಾತಿನ ಲೆಕ್ಕ ಕೇಳುತ್ತಾರಲ್ಲ ಅನ್ನಿಸಿತು. ಆಮೇಲೆ ಕೈಯಲ್ಲಿದ್ದ ರೊಟ್ಟಿ ನೋಡಿ ನಾಚಿಕೆಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಹೋಗಿದ್ದು ಅವರ ಮುತ್ತು, ಒಡೆದವನು ನಾನು. ಊರವರು ಗುಡಿಯಲ್ಲಿ ಭಜನೆಗೆ ಸೇರುವ ಏಕಾದಶಿ ಯಾವತ್ತು ಅಂತ ಕೇಳಿದೆ. ಮೂರು ದಿನವಿದೆ ಅಂದರು.

ಏಕಾದಶಿಯ ಸಂಜೆ ಅವರೂರಿನ ವಿಠ್ಠಲನ ಗುಡಿಯಲ್ಲಿ ಮೂವತ್ತು ಜನ ಕೂತಿದ್ದರು. ಚಹಾದಂಗಡಿಯವನೂ ಇದ್ದ. ಹೆಂಡತಿ ಒತ್ತಾಯ ಮಾಡಿ ಕರೆತಂದಿದ್ದರಿಂದ ಆ ಮನುಷ್ಯ ಬಂದಿದ್ದರು, ಆದರೆ ಒಳಗೆ ಬಾರದೆ ಮೆಟ್ಟಿಲ ಮೇಲೆ ಕೂತಿದ್ದರು. ಭಜನೆ ಶುರುವಾಗುವ ಮೊದಲು ನಾನು ಎದ್ದು ನಿಂತೆ.

“ಅವತ್ತ ಇವ್ರು ಕುಡದಿರಲಿಲ್ಲ. ಕುಡದಾರ ಅಂದಾವ ನಾನ. ಮೂಸಿ ನೋಡಲಿಲ್ಲ, ಮುಟ್ಟಿ ನೋಡಲಿಲ್ಲ, ಬಾಯಿ ತೀಟಿಗೆ ಅಂದೆ. ತಪ್ಪು ನಂದು.”

ಚಹಾದಂಗಡಿಯವನು ತಲೆ ತಗ್ಗಿಸಿದ. ಮೆಟ್ಟಿಲ ಮೇಲಿದ್ದವರು ನಿಧಾನವಾಗಿ ನನ್ನ ಕಡೆ ತಿರುಗಿದರು.

“ನಾಳೆ ಇನ್ನೊಬ್ಬಾವ ನಿಮ್ಮ ಗಾಡ್ಯಾಗ ಬಿದ್ರ ಫೋನಿನ್ಯಾಗ ಏನಂತೀರಿ?”

“ಆರಾಮ ಇಲ್ಲ ಅಂತೇನಿ.”

“ಖರೇನ ಕುಡದಿದ್ರ?”

“ಆಗೂ ಅಷ್ಟ ಅಂತೇನ್ರಿ. ಆರಾಮ ಇಲ್ಲ, ಬಂದು ಕರ್ಕೊಂಡು ಹೋಗ್ರಿ ಅಂತೇನಿ.”

ಅವರು ಹೆಂಡತಿಯ ಮುಂದೆ ಕೈ ಚಾಚಿದರು. ಆಕೆ ಸೆರಗಿನ ಗಂಟು ಬಿಚ್ಚಿ ಮಾಲೆ ಕೊಟ್ಟರು. ಅದನ್ನು ಕೊರಳಿಗೆ ಹಾಕಿಕೊಂಡು ಅವರು ಒಳಗೆ ಬಂದು ತಮ್ಮ ಜಾಗದಲ್ಲಿ ಕೂತರು.