ಕೊಪ್ಪರಿಗೆ ಬಂತು, ಅತ್ತೆ ಬರಲಿಲ್ಲ

ಪಾತ್ರೆಗಳ ಹೆಸರನ್ನು ನನಗೆ ಕಲಿಸಿದ್ದು ಹೊಳವನಹಳ್ಳಿಯ ಸೋದರತ್ತೆ. ನೀರು ಕಾಯುವುದು ಹಂಡೆ, ಅನ್ನ ಬೇಯುವುದು ಕೊಳದಪ್ಪಲೆ, ಊರಿಗೆಲ್ಲ ಸಾರು ಕುದಿಯುವುದು ಕೊಪ್ಪರಿಗೆ. ಒಂದರ ಹೆಸರಿನಿಂದ ಇನ್ನೊಂದನ್ನು ಕರೆದರೆ ಅವಳಿಗೆ ಸರಿಬರುತ್ತಿರಲಿಲ್ಲ. ಪಾವಗಡದ ನಮ್ಮ ನೆಂಟರು ದೊಡ್ಡ ಪಾತ್ರೆಯನ್ನೆಲ್ಲ ಗಂಗಾಳಂ ಅನ್ನುತ್ತಾರೆ, ಶಿರಾದ ಬಿರಿಯಾನಿಯವರು ದೇಗು ಅನ್ನುತ್ತಾರೆ. ಅತ್ತೆ ಮನುಷ್ಯರನ್ನೂ ಪಾತ್ರೆಗಳಿಂದಲೇ ಅಳೆಯುವವಳು. ಹೊಟ್ಟೆ ಮುಂದೆ ಬಂದವನು ಹಂಡೆ, ಗುಟ್ಟು ನಿಲ್ಲದವನು ತಳ ಹೋದ ತಪ್ಪಲೆ, ದುಡ್ಡಿದ್ದೂ ಬಿಚ್ಚದವನು ನೆಲದಲ್ಲಿ ಹೂತ ಕೊಪ್ಪರಿಗೆ. ಅವಳ ಮನೆಗೆ ಊರವರಿಟ್ಟ ಹೆಸರೇ ಕೊಪ್ಪರಿಗೆ ಮನೆ. ಹೋದವರು ಉಂಡೇ ಬರುವ ಮನೆ ಎಂದರ್ಥ.

ಅವಳ ತಾಮ್ರದ ಕೊಪ್ಪರಿಗೆ ಸುತ್ತಲಿನ ಎಷ್ಟೋ ಮದುವೆಗಳಿಗೆ ಹೋಗಿದೆ. ಬಾಡಿಗೆ ಇಲ್ಲ. ಪದ್ಧತಿ ಒಂದೇ. ಕೇಳುವವರು ಎಲೆಅಡಿಕೆ ಹಿಡಿದು ಹೋಗಿ ಅವಳನ್ನೂ ಕರೆಯಬೇಕು, ಊಟದ ದಿನ ಮೊದಲ ಸೌಟು ಅವಳೇ ಬಡಿಸಬೇಕು.

ಕಳೆದ ವರ್ಷ ಕೊರಟಗೆರೆಯಲ್ಲಿ ನಮ್ಮ ಗೃಹಪ್ರವೇಶ. ಫೋನ್ ಮಾಡಿ ಕೊಪ್ಪರಿಗೆ ಕೇಳಿದೆ. “ತಗೊಂಡೋಗ್ಲಾ, ಕೇಳೋದೇನು” ಅಂದಳು. ಹಿಂದಿನ ಸಂಜೆ ಲಗೇಜ್ ಆಟೋದಲ್ಲಿ ಪಾತ್ರೆ ಬಂತು. ಸ್ವಂತ ಅತ್ತೆಗೆ ಎಂಥ ಉಪಚಾರ, ಪಾತ್ರೆ ಬಂದ ಮೇಲೆ ಅವಳೂ ಬಂದೇ ಬರುತ್ತಾಳೆ ಅಂದುಕೊಂಡೆ. ಎಲೆಅಡಿಕೆ ಹಾಗಿರಲಿ, ‘ಬಾ’ ಎಂಬ ಮಾತನ್ನೂ ನಾನು ಆಡಿರಲಿಲ್ಲ.

ಮಾರನೆಯ ದಿನ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಅಡುಗೆಯವನು ಕೇಳಿದ. “ಸಾರು ಕುದ್ದಾಯ್ತು. ಮೊದ್ಲ ಸೌಟು ಹಾಕೋ ಆಯಮ್ಮ ಎಲ್ಲಿ ಸಾಮಿ?”

“ನಾ ಬರೋಗಂಟ ಬಡಿಸ್ಬೇಡ” ಎಂದು ಬೈಕ್ ಹತ್ತಿ ಹೊಳವನಹಳ್ಳಿಗೆ ಓಡಿಸಿದೆ.

ಅತ್ತೆ ಜರಿಯಂಚಿನ ಸೀರೆಯುಟ್ಟು, ತಲೆ ಬಾಚಿಕೊಂಡು ಹೊಸಿಲ ಮೇಲೆ ಕೂತಿದ್ದಳು. ಬೆಳಗಿನಿಂದ ಹಾಗೇ ಕೂತಿದ್ದಾಳೆ ಎಂದು ಸೀರೆಯ ಸುಕ್ಕೇ ಹೇಳುತ್ತಿತ್ತು.

“ಅಲ್ಲ ಕಣ್ಲಾ, ಕೊಪ್ಪರಿಗೇನ ಆಟೋದಾಗೆ ಕೂರಿಸ್ಕೊಂಡೋದ್ರಿ. ಪಕ್ಕದಾಗೆ ನನ್ನ ಕೂರ್ಸಕ್ಕೆ ಜಾಗ ಇರ್ಲಿಲ್ವಾ?”

“ತಪ್ಪಾಯ್ತು ಅತ್ತೆ.”

“ಅದನ್ನ ಆಮ್ಯಾಕೆ ಮಾತಾಡಾನ. ಜನ ಹಸ್ಕೊಂಡವ್ರೆ, ನಡಿ.”

ದಾರಿಯಲ್ಲಿ ನನ್ನ ಭುಜ ಹಿಡಿದು ಕೇಳಿದಳು. “ನಾನಿಲ್ದಂಗೆ ಬಡಿಸ್ಬುಟ್ಟಿದ್ರೆ?”

“ಇಲ್ಲ ಅತ್ತೆ, ನಿನ್ನೇ ಕಾಯ್ತಾ ಅವ್ರೆ.”

ನಾವು ಇಳಿಯುವ ಹೊತ್ತಿಗೆ ಮೊದಲ ಪಂಕ್ತಿ ಮಜ್ಜಿಗೆಗೆ ಬಂದಿತ್ತು. ಅಡುಗೆಯವನು ತಲೆ ಕೆರೆದುಕೊಂಡ. “ಶುಗರ್ ಇರೋ ಹಿರೀಕ್ರು ಗಲಾಟೆ ಮಾಡ್ಬುಟ್ರು ಸಾಮಿ.” ಅತ್ತೆ ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದಳು. ಸಾರು ಒಂದು ಗೇಣು ಇಳಿದು, ಕಲಾಯಿಯ ಮೇಲೆ ಗೆರೆ ಬಿಟ್ಟಿತ್ತು.

“ಒಳ್ಳೇದಾಯ್ತು ಬುಡು, ಹಸ್ದೋರ್ನ ಯಾಕೆ ಕಾಯಿಸ್ಬೇಕು” ಎಂದವಳು ಸೆರಗು ಸಿಕ್ಕಿಸಿ, ಬಕೆಟ್ಟಿಗೆ ಸಾರು ತುಂಬಿಕೊಂಡು, ಎರಡನೆಯ ಪಂಕ್ತಿಗೆ ತಾನೇ ಇಳಿದಳು. ನನ್ನ ಕಡೆ ನೋಡಲಿಲ್ಲ.

ಆ ಸಾಲಿನಲ್ಲಿ ನನ್ನ ಆಫೀಸಿನವರು ಕೂತಿದ್ದರು. ಒಬ್ಬರು ಎಲೆಯಿಂದ ತಲೆಯೆತ್ತಿ ಕೇಳಿದರು. “ಅಮ್ಮಾ, ಸಾರು ಸೂಪರ್ ಆಗಿದೆ. ನೀವು ಅಡುಗೆ ಕಾಂಟ್ರಾಕ್ಟರ್ ಕಡೆಯವರಾ?”

ಅತ್ತೆ ಆಗ ನನ್ನನ್ನು ನೋಡಿದಳು. ಎರಡು ಎಲೆ ಆಚೆ ನಾನು ಹಪ್ಪಳದ ಬುಟ್ಟಿ ಹಿಡಿದು ನಿಂತಿದ್ದೆ. ಇವರು ನಮ್ಮತ್ತೆ, ಈ ಕೊಪ್ಪರಿಗೆ ಇವರದೇ ಎನ್ನಲು ಒಂದು ಉಸಿರು ಸಾಕಿತ್ತು. ಹಾಗೆಂದರೆ, ಸ್ವಂತ ಅತ್ತೆ ಎರಡನೆಯ ಪಂಕ್ತಿಗೆ ಬಂದದ್ದೇಕೆ ಎಂದು ಅವರು ಕೇಳುತ್ತಾರೆ. ನಾನು ಮುಂದಿನ ಎಲೆಗೆ ಹಪ್ಪಳ ಹಾಕಿದೆ.

“ಊಂ ಕಣಪ್ಪ, ಅವ್ರ ಕಡೆಯೋಳೆ” ಅಂದಳು ಅತ್ತೆ. “ಇನ್ನೊಂದು ಸೌಟು ಬುಡ್ಲೇನು?”