ದುರ್ಬೀನಿಗೆ ವಿಭೂತಿ

ಸಂಜೆಯ ರೊಟ್ಟಿ ಬಡಿದು ಮುಗಿಯಿತೆಂದರೆ ಶಲವಡಿಯ ಅಮೃತಾಳಿಗೆ ಮಾಳಿಗೆಯೇ ಮನೆ. ಅಲ್ಲಿ ದುರ್ಬೀನಿಗೆ ಕ್ಯಾಮೆರಾ ಜೋಡಿಸಿ, ಒಂದೇ ನೀಹಾರಿಕೆಯ ಹತ್ತಾರು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುತ್ತಾಳೆ. ಆಗ ಬರಿಗಣ್ಣಿಗೆ ಕಾಣದ ಕೆಂಪು ಮೋಡವೊಂದು ಮೆಲ್ಲಗೆ ಅರಳುತ್ತದೆ. ನೆರೆಹೊರೆಯವರು ಬಾಯಿ ಬಿಟ್ಟು ನೋಡಿದರೂ ಅತ್ತೆ ಸಾವಂತ್ರೆವ್ವ ಮಾತ್ರ ಮೂಗು ಮುರಿಯುತ್ತಿದ್ದಳು: “ರವಾ ಚೆಲ್ಲಿದಂಗ ಐತಿ. ಇದರಾಗ ಚುಕ್ಕಿ ಎಲ್ಲಿ ಅದಾವ?”

ಈ ವರ್ಷದ ಖಂಡೇಪೂಜೆಯಂದು ಸಾವಂತ್ರೆವ್ವ ಕುಡಗೋಲು, ಕುಂಟೆ, ಟ್ರ್ಯಾಕ್ಟರ್ ಎಲ್ಲಕ್ಕೂ ವಿಭೂತಿ ಹಚ್ಚಿದಳು. ದುಡಿಯುವ ಸಾಮಾನು ಎಂದಮೇಲೆ ದುರ್ಬೀನನ್ನು ಬಿಡುವುದುಂಟೇ? ಮುಚ್ಚಳ ತೆಗೆದು, ಮುಂದಿನ ಗಾಜಿನ ಮೇಲೆಯೇ ಮೂರು ಬೆರಳು ಎಳೆದು, ಮತ್ತೆ ಮುಚ್ಚಿಟ್ಟಳು. ಅದು ಗೊತ್ತಿಲ್ಲದೆ ಅಮೃತಾ ಅಂದು ಕತ್ತಲಾಗುತ್ತಲೇ ಫೋಟೋ ತೆಗೆದಳು. ಕೂಡಿಸಿ ನೋಡಿದರೆ ದೊಡ್ಡ ಚುಕ್ಕಿಗಳ ಸುತ್ತೆಲ್ಲ ಮಂಜು ಕವಿದಿದೆ! ಗಾಜು ನೋಡಿದವಳೇ ಒರೆಸುವ ಬಟ್ಟೆ ಹಿಡಿದುಕೊಂಡು ಜಗಳಕ್ಕೆ ಇಳಿದಳು.

“ಏನ್ ಮಾಡಿಟ್ರಿ ಅತ್ತೀ! ಗಾಜಿಗೆ ಯಾರರ ವಿಭೂತಿ ಹಚ್ತಾರೇನ್ರಿ?”

ಸಾವಂತ್ರೆವ್ವ ಮೂಗಿಗೆ ಚಾಳೀಸು ಏರಿಸಿ ಕಂಪ್ಯೂಟರಿನ ಪರದೆಗೆ ಮುಖ ತಂದಳು. ಆ ಮಂಜಿನ ಪ್ರಭೆಯಲ್ಲಿ ದೊಡ್ಡ ಚುಕ್ಕಿಗಳು ದೀಪ ಹಚ್ಚಿಟ್ಟಂತೆ ಎದ್ದು ಕಾಣುತ್ತಿದ್ದವು.

“ಈಗ ಕಂಡುವು ನೋಡವಾ ಚುಕ್ಕಿ! ಹಣಿ ಬರಿದಿದ್ರ ಯಾರ ಮಾರಿ ಚಂದ ಕಾಣತೈತಿ?”

ಅಮೃತಾ ಇನ್ನೊಮ್ಮೆ ನೋಡಿದಳು. ಚಂದವೇ ಇತ್ತು, ಸುಡಲಿ! ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ನಾಳೆ ಮತ್ತೊಮ್ಮೆ ಹಚ್ರಿ,” ಎಂದಳು, “ಆದ್ರ ಸ್ವಲ್ಪ ತೆಳ್ಳಗ.”