ಹಿಮದ ಮೇಲೆ ಕೈ ಸಿಗ್ನಲ್

ಊರಿನವರ ಬಾಯಲ್ಲಿ ಅವರು ಎದುರಿಗೆ ‘ಮೇಷ್ಟ್ರೇ’, ಬೆನ್ನ ಹಿಂದೆ ‘ಸಿಗ್ನಲ್ಲು’. ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಮಂದಿ ಅವರ ಡ್ರೈವಿಂಗ್ ಸ್ಕೂಲಿನಲ್ಲಿ ಬೈಸಿಕೊಂಡೇ ಕಲಿತವರು. ಸ್ಕೂಲು ಎಂದರೆ ಮಹಾ ಏನಲ್ಲ: ಒಂದು ಹಳೆಯ ಸಣ್ಣ ಕಾರು, ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಮೇಜಿನ ಹಿಂದೆ ಫೋನು ಎತ್ತುವ ಹೆಂಡತಿ. ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟು ಮೇಷ್ಟರದು. ಆ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುವುದರಿಂದ, ಲೋಕ ಇನ್ನೂ ಪುಡಿಪುಡಿಯಾಗದೆ ಉಳಿದಿರುವುದು ತಮ್ಮ ಕಾಲಿನ ಪುಣ್ಯ ಎಂದು ಅವರು ಮನಸಾರೆ ನಂಬಿದ್ದರು.

ಅವರ ಕಣ್ಣಿಗೆ ರಸ್ತೆಯಲ್ಲಿ ಮನುಷ್ಯರೇ ಇರಲಿಲ್ಲ. ಮುಂದೆ ನುಗ್ಗುವವನು ಕತ್ತೆ, ಹಿಂದೆ ಉಳಿಯುವವನು ಎಮ್ಮೆ, ಹಾರ್ನ್ ಹೊಡೆಯುವವನು ಹುಟ್ಟಾ ಅಳುಬುರುಕ. ಇಂಡಿಕೇಟರ್ ದೀಪ ಸೋಮಾರಿಗಳಿಗಾಗಿ ಮಾಡಿದ್ದು. ತಿರುಗುವವನು ಕಿಟಕಿಯಿಂದ ತೋಳು ಪೂರ್ತಿ ಹೊರಗೆ ಚಾಚಿ ಕೈ ತೋರಿಸಬೇಕು, ಆಮೇಲೇ ತಿರುಗಬೇಕು. ಪರೀಕ್ಷೆಯಲ್ಲಿ ಯಾರಾದರೂ ಫೇಲಾಗಿ ಬಂದರೆ ಮೇಷ್ಟರು ಕಾರಣ ಕೇಳುತ್ತಲೇ ಇರಲಿಲ್ಲ. ‘ಕೈ ಲೇಟಾಗಿ ತೋರಿಸಿರ್ತೀಯ’ ಎನ್ನುವುದು, ಮುಂದಿನವನನ್ನು ಕರೆಯುವುದು. ಕಲಿಸಿದ್ದರಲ್ಲೇ ಏನಾದರೂ ಐಬು ಇರಬಹುದೆಂಬ ಅನುಮಾನ ಆ ತಲೆಗೆ ದಾರಿ ತಪ್ಪಿಯೂ ಹೊಕ್ಕಿರಲಿಲ್ಲ.

ಹಿಮದ ಹುಚ್ಚು ಹತ್ತಿಸಿದವನು ಅವರ ಗೆಳೆಯ, ಫೋಟೊ ಸ್ಟುಡಿಯೊದವನು. ಅವನ ಸ್ಟುಡಿಯೊದಲ್ಲಿ ಹಿಮಪರ್ವತದ ಚಿತ್ರವಿದ್ದ ಒಂದು ದೊಡ್ಡ ಪರದೆ ಇತ್ತು. ನವದಂಪತಿಗಳನ್ನು ಅದರ ಮುಂದೆ ನಿಲ್ಲಿಸಿ ನಿಲ್ಲಿಸಿ ಅವನಿಗೇ ಬೇಜಾರು ಬಂದಿತ್ತು. ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ, ‘ಈ ಬಟ್ಟೆ ಹಿಮ ಸಾಕು ಕಣ್ರೋ. ನಿಜವಾದ್ದರ ಮೇಲೆ ಒಂದ್ಸಲ ಜಾರಿ ಬರೋಣ. ಸ್ಕೀ ಮಾಡೋಣ’ ಎಂದ.

ಮೊದಲು ಕುಣಿದವನು ಇನ್ನೊಬ್ಬ ಗೆಳೆಯ ಗುಳಿಗೆ. ಔಷಧಿ ಅಂಗಡಿ ಇಟ್ಟುಕೊಂಡ, ಗುಂಡಗೆ ಗಿಡ್ಡಗೆ ಇದ್ದ ಅವನಿಗೆ ಬಾಲ್ಯದಿಂದಲೂ ಅದೇ ಹೆಸರು. ಹೆದರುಪುಕ್ಕಲ. ಡ್ರೈವಿಂಗ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಮಣ್ಣು ಮುಕ್ಕಿ, ಕೊನೆಗೂ ಪಾಸಾಗಿ, ಊರಿನಲ್ಲಿ ಇವತ್ತಿಗೂ ಕಿಟಕಿಯಿಂದ ಕೈ ಚಾಚುವವನು ಅವನೊಬ್ಬನೇ. ‘ನೀನು ಜೊತೆಗಿದ್ರೆ ನಂಗೇನು ಭಯ ಹೇಳು’ ಎಂದು ಅವನು ಮೇಷ್ಟರ ಭುಜ ಹಿಡಿದುಕೊಂಡ. ಮೇಷ್ಟರು ಜೀವಮಾನದಲ್ಲಿ ಹಿಮ ಕಂಡದ್ದು ಫ್ರಿಜ್ಜಿನೊಳಗೆ ಮಾತ್ರ. ಆದರೂ ತಕ್ಷಣ, ‘ಹಾಗಾದ್ರೆ ತಯಾರಿ ನನ್ನ ಜವಾಬ್ದಾರಿ’ ಎಂದರು. ಹೆಂಡತಿಗೆ ವಿಷಯ ತಿಳಿದಾಗ, ‘ನಾನೂ ಬರ್ತೀನಿ’ ಎಂದು ಒಂದೇ ಮಾತು ಹೇಳಿ ಫೋನು ಎತ್ತಿಕೊಂಡಳು.

ಹೋಟೆಲು, ವ್ಯಾನು, ದಪ್ಪ ಜಾಕೀಟು ಇವೆಲ್ಲ ಉಳಿದವರ ಪಾಲಿಗೆ ಬಂತು. ಮೇಷ್ಟರು ಅಂಥ ಚಿಲ್ಲರೆ ಕೆಲಸಕ್ಕೆ ಕೈ ಹಾಕುವವರಲ್ಲ. ಅವರು ಪಾಠ ಶುರು ಮಾಡಿದರು. ಸ್ಟುಡಿಯೊದ ನೆಲಕ್ಕೆ ಹಾಸಿಗೆ ಹಾಸಿ, ಎಲ್ಲರ ಶೂಗಳಿಗೂ ಉದ್ದುದ್ದ ಹಲಗೆ ಕಟ್ಟಿಸಿ, ಎರಡೂ ಕೈಗೆ ಒಂದೊಂದು ಕೋಲು ಕೊಟ್ಟು, ತಾವು ಕುರ್ಚಿಯಲ್ಲಿ ಕೂತರು. ಸ್ಕೀ ಮಾಡುವವರ ವಿಡಿಯೊ ನೋಡಿ ಅವರಿಗೆ ರಕ್ತ ಕುದಿದಿತ್ತು. ಅಷ್ಟು ಜನ ಹಾವಿನ ಹಾಗೆ ಅಂಕುಡೊಂಕಾಗಿ ಇಳಿಯುತ್ತಾರೆ, ಒಬ್ಬನಾದರೂ ತಿರುಗುವ ಮೊದಲು ಕೈ ತೋರಿಸುತ್ತಾನೆಯೇ? ಅನಾಗರಿಕರು!

‘ತಿರುಗೋಕೆ ಮುಂಚೆ ಕೋಲು ಒಂದೇ ಕೈಗೆ ತಗೊಳ್ಳಿ. ಇನ್ನೊಂದು ತೋಳು ಪೂರ್ತಿ ಚಾಚಿ. ಹಿಂದಿನವನಿಗೆ ಗೊತ್ತಾಗ್ಬೇಕು’ ಎಂದರು ಮೇಷ್ಟರು.

‘ಸ್ಕೀ ಮಾಡೋರು ಯಾರೂ ಕೈ ತೋರಿಸಲ್ಲ ಕಣೋ’ ಎಂದ ಸ್ಟುಡಿಯೊದವನು.

‘ಅದಕ್ಕೇ ಬಿದ್ದು ಮೂಳೆ ಮುರ್ಕೊತಾರೆ.’

ಸ್ಟುಡಿಯೊದವನು ಹಲಗೆ ಬಿಚ್ಚಿ ಮೂಲೆಗೆ ಎಸೆದ. ಹೆಂಡತಿ ನಕ್ಕೂ ನಕ್ಕೂ ಹಾಸಿಗೆಯ ಮೇಲೆ ಕುಸಿದಳು. ಇಬ್ಬರನ್ನೂ ಮೇಷ್ಟರು ಲೆಕ್ಕದಿಂದಲೇ ಬಿಟ್ಟರು. ಗುಳಿಗೆ ಮಾತ್ರ ಬೆವರು ಸುರಿಸುತ್ತ, ತುಟಿ ಕಚ್ಚಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೋಳು ಚಾಚುತ್ತಲೇ ಇದ್ದ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲೂ ಕೌಂಟರಿನ ಹಿಂದೆ ಇದೇ ಕಸರತ್ತು. ಕೆಮ್ಮಿನ ಸಿರಪ್ ಕೇಳಲು ಬಂದವರು ಇವನಿಗೇನಾಯಿತೆಂದು ಬೆಪ್ಪಾಗಿ ನಿಲ್ಲುತ್ತಿದ್ದರು.

ಹೊರಡುವ ಮೊದಲು ಒಮ್ಮೆ ಹಿಮ ಮುಟ್ಟಿ ನೋಡೋಣವೆಂದು ಹೆಂಡತಿಯೇ ಹಟ ಹಿಡಿದಳು. ದೊಡ್ಡ ಮಾಲೊಂದರ ಒಳಗೆ ಯಂತ್ರದಿಂದ ಹಿಮ ಸುರಿಸಿ ಮಾಡಿದ ಇಳಿಜಾರು ಇತ್ತು, ಅಲ್ಲಿಗೆ ಹೋದರು. ಕಲಿಸುವವಳು ನಡುವಯಸ್ಸಿನ ಹೆಂಗಸು, ಕೆಂಪು ಟೋಪಿ, ಬಾಯಲ್ಲಿ ಚೂಯಿಂಗ್ ಗಮ್. ‘ಮೊಣಕಾಲು ಬಗ್ಗಿಸಿ, ಎರಡೂ ಕೈ ಮುಂದೆ ಇರಲಿ. ಬೀಳ್ತೀವಿ ಅನ್ಸಿದ್ರೆ ಪಕ್ಕಕ್ಕೆ ಕೂತ್ಬಿಡಿ, ಕೈ ಮಾತ್ರ ಊರ್ಬೇಡಿ’ ಎಂದಳು. ಪಾಠ ಮಾಡುವಾಗ ಅಗಿಯುವವಳ ಪಾಠ ಎಂಥದ್ದಿದ್ದೀತು? ಮೇಷ್ಟರು ಮೂಗು ಮುರಿದು ಗುಳಿಗೆಯ ಕಿವಿಯಲ್ಲಿ, ‘ಅವಳು ಹೇಳೋದು ಬಿಡು. ನಾನು ಕಲಿಸಿದ್ದು ಜ್ಞಾಪಕ ಇದೆ ತಾನೆ?’ ಎಂದರು.

ಗುಳಿಗೆ ತಲೆಯಾಡಿಸಿದ. ಜಾರತೊಡಗಿದ. ಆರಂಭದಲ್ಲಿ ಎಲ್ಲರಿಗಿಂತ ಚೆನ್ನಾಗಿಯೇ ಜಾರಿದ; ಮುಖದಲ್ಲಿ ಮಕ್ಕಳಿಗೆ ಬರುವಂಥ ನಗು ಬಂತು. ತಿರುಗುವ ಜಾಗ ಬಂದಾಗ ಮೇಷ್ಟರು ಹಿಂದಿನಿಂದ ‘ಕೈ!’ ಎಂದು ಕೂಗಿದರು. ಅವನು ಕೋಲುಗಳನ್ನು ಒಂದು ಕೈಗೆ ತೆಗೆದುಕೊಂಡು, ಬಲಗೈಯನ್ನು ಭುಜದ ಮಟ್ಟಕ್ಕೆ ನೆಟ್ಟಗೆ ಚಾಚಿದ. ಚಾಚಿದ ಕಡೆಗೇ ಮೈ ವಾಲಿತು, ಚಾಚಿದ ಕೈಯ ಮೇಲೇ ಬಿದ್ದ. ಮಣಿಕಟ್ಟಿನ ಮೂಳೆ ಲಟಕ್ಕೆಂದದ್ದು ಮೇಲೆ ನಿಂತವರಿಗೂ ಕೇಳಿಸಿತು.

ಪ್ಲಾಸ್ಟರ್ ಹಾಕಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಗುಳಿಗೆ ನೋವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೇಷ್ಟರ ಮುಖವನ್ನೇ ನೋಡುತ್ತ, ‘ನೀನು ಹೇಳಿಕೊಟ್ಟ ಹಾಗೇ ಮಾಡಿದೆ ಅಲ್ವಾ?’ ಎಂದು ಕೇಳಿದ. ಅವನಿಗೆ ಬೇಕಾಗಿದ್ದದ್ದು ಒಂದು ‘ಹೌದು’. ಅದು ಸಿಕ್ಕಿದ್ದರೆ ಇನ್ನೊಂದು ಕೈಯನ್ನೂ ಮುರಿದುಕೊಳ್ಳಲು ತಯಾರಿದ್ದನೇನೋ ಪುಣ್ಯಾತ್ಮ.

‘ಲೇಟಾಗಿ ತೋರಿಸಿದೆ’ ಎಂದರು ಮೇಷ್ಟರು.

ಗುಳಿಗೆ ನೆಲ ನೋಡಿದ. ಸ್ಟುಡಿಯೊದವನಿಗೆ ಮೈಯೆಲ್ಲ ಉರಿದುಹೋಯಿತು. ಮೇಷ್ಟರನ್ನು ಹೊರಗೆ ಕರೆದು, ‘ನಾನು ಹೇಳಿಕೊಟ್ಟಿದ್ದೇ ತಪ್ಪು ಅಂತ ಅವನ ಹತ್ರ ಒಂದು ಮಾತು ಹೇಳು. ಕಾಲಿಗೆ ಬೀಳು ಅಂತಿಲ್ಲ. ಒಂದೇ ಒಂದು ಮಾತು. ಇಲ್ಲಾಂದ್ರೆ ನೀನು ನಮ್ಮ ಜೊತೆ ಬರೋದೇ ಬೇಡ’ ಎಂದ. ಮೇಷ್ಟರು, ‘ಮೂವತ್ತು ವರ್ಷದಿಂದ ಕಲಿಸ್ತಿದೀನಿ’ ಎಂದರು. ಅದು ಉತ್ತರವೇ ಅಲ್ಲವೆಂದು ಅವರಿಗೆ ಹೊಳೆಯಲೂ ಇಲ್ಲ.

ಹೊರಡುವ ದಿನ ಹತ್ತಿರ ಬಂತು. ಹೆಂಡತಿ ಇಬ್ಬರ ಬ್ಯಾಗೂ ತುಂಬಿದಳು, ಆದರೆ ಬೇರೆ ಬೇರೆ. ಮೇಷ್ಟರಿಗೆ ಹೋಗುವ ಆಸೆ ಗಂಟಲವರೆಗೂ ಇತ್ತು, ಸುಳ್ಳೇಕೆ. ಅಷ್ಟು ವರ್ಷ ಅವರು ಕಾರಿನಲ್ಲಿ ಕೂತು ಹೋದದ್ದೆಲ್ಲ ಇನ್ನೊಬ್ಬರ ಪಾಠಕ್ಕಾಗಿ, ಆಟದ ಮೈದಾನ ಸುತ್ತಿ ಅದೇ ಬೀದಿಗೆ ವಾಪಸು. ಗೆಳೆಯರೆಂದು ಹೇಳಿಕೊಳ್ಳಲು ಈ ಇಬ್ಬರನ್ನು ಬಿಟ್ಟರೆ ಮೂರನೆಯವನಿರಲಿಲ್ಲ. ಉಳಿದವರೆಲ್ಲ ಅವರನ್ನು ಕಂಡೊಡನೆ ಗಲ್ಲಿ ಬದಲಿಸುವವರೇ. ಕನ್ನಡಿಯ ಮುಂದೆ, ಸ್ಟುಡಿಯೊದವನು ಕೇಳಿದ್ದ ಆ ಮಾತನ್ನು ಹೇಳಿ ನೋಡಲು ಬಾಯಿ ತೆರೆದರು. ತುಟಿಯವರೆಗೆ ಬಂದದ್ದು ‘ನಾನು’ ಎಂದಲ್ಲ, ‘ಅವನು’ ಎಂದೇ ಶುರುವಾಯಿತು.

ಬೆಳಿಗ್ಗೆ ವ್ಯಾನು ಮನೆಯ ಮುಂದೆ ನಿಂತಿತು. ಹೆಂಡತಿ ಎರಡೂ ಬ್ಯಾಗು ಹತ್ತಿಸಿ ಕಿಟಕಿಯ ಪಕ್ಕ ಕೂತಳು. ಸ್ಟುಡಿಯೊದವನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ. ಬಾಗಿಲು ತೆರೆದವನು ಗುಳಿಗೆ. ಜಾರಲಾಗದಿದ್ದರೆ ಬೇಡ, ಹಿಮದ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ ಎಂದು ಹೊರಟಿದ್ದ. ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು, ಪಕ್ಕದ ಸೀಟು ತೋರಿಸಿದ.

‘ಬಾರೋ, ಜಗಳ ಸಾಕು. ನಾನೇ ಲೇಟ್ ಮಾಡಿದೆ ಅಂತ ಇಟ್ಕೊಳ್ಳೋಣ.’

‘ನೀನು ಸುಮ್ನಿರು, ಅವರು ಹೇಳ್ಲಿ’ ಎಂದಳು ಹೆಂಡತಿ ಒಳಗಿನಿಂದ.

ಮೇಷ್ಟರ ಒಂದು ಕಾಲು ವ್ಯಾನಿನ ಮೆಟ್ಟಿಲ ಮೇಲಿತ್ತು. ತಲೆ ತಗ್ಗಿಸಿ ಸುಮ್ಮನೆ ಹತ್ತಿ ಕೂತಿದ್ದರೂ ಎಲ್ಲ ಮುಗಿದುಹೋಗುತ್ತಿತ್ತು. ಅಷ್ಟರಮಟ್ಟಿಗೆ ಗುಳಿಗೆ ದಾರಿ ಸವರಿ ಕೊಟ್ಟಿದ್ದ. ಆದರೆ ಮೇಷ್ಟರ ಮುಖ ಅರಳಿತು. ಸ್ಟುಡಿಯೊದವನ ಕಡೆ ತಿರುಗಿ, ಗೆದ್ದವರ ಧ್ವನಿಯಲ್ಲಿ, ‘ನೋಡಿದ್ಯಾ? ಅವನೇ ಒಪ್ಕೊಂಡ!’ ಎಂದರು.

ಗುಳಿಗೆ ಅವರನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದ. ಸಿಟ್ಟಿರಲಿಲ್ಲ, ಸಿಟ್ಟಾದರೂ ಇದ್ದಿದ್ದರೆ ಮೇಷ್ಟರು ಎದುರು ಮಾತಾಡಬಹುದಿತ್ತು. ಅವರು ತಾವಾಗಿಯೇ ಕಾಲು ಕೆಳಗಿಟ್ಟರು. ಹೆಂಡತಿ ಎದ್ದು, ಸೀಟಿನ ಕೆಳಗಿದ್ದ ಅವರ ಬ್ಯಾಗನ್ನು ಎತ್ತಿ, ‘ತಗೊಳ್ಳಿ’ ಎಂದು ಕೈಗೆ ಕೊಟ್ಟಳು. ಗುಳಿಗೆ ಚೆನ್ನಾಗಿದ್ದ ಕೈಯಿಂದ ಬಾಗಿಲು ಎಳೆದುಕೊಂಡ.

ಮುಂದೆ ಕೂತಿದ್ದ ಡ್ರೈವರು ಕನ್ನಡಿಯಲ್ಲಿ ಹಿಂದೆ ನೋಡಿ, ‘ಹೊರಗಡೆ ನಿಂತಿದಾರಲ್ಲ, ಅವರೂ ಬರ್ತಾರಾ?’ ಎಂದು ಕೇಳಿದ.

ಮಿಕ್ಕವರು ಬಾಯಿ ತೆರೆಯುವ ಮೊದಲೇ ಗುಳಿಗೆ ಹೇಳಿದ: ‘ಇಲ್ಲ. ನಾವಿಷ್ಟೇ ಜನ.’